ಅವ್ವನ ಓಟು

ನನ್ನ ಪಿಎಚ್.ಡಿ. ಪ್ರಶ್ನಾವಳಿಯ ಮೊದಲ ಸಾಲು 'ಮನೆಯ ಯಜಮಾನರ ಹೆಸರು'. ಎರಡನೆಯದು ಜಾತಿ. ಕಲಬುರಗಿಯಲ್ಲಿ ಬಸ್ಸು ಹತ್ತಿ, ಶೂನ್ಯ ಮೊತ್ತದ ಟಿಕೆಟ್ಟನ್ನು ಮಡಚಿ ಪರ್ಸಿಗೆ ಹಾಕಿಕೊಂಡು, ಕೆಂಪು ಬಾಳೆಹಣ್ಣಿನ ಕಮಲಾಪುರದಲ್ಲಿ ಇಳಿದು ಒಂದು ಚಳಿಗಾಲ ಪೂರ್ತಿ ಈ ಸಾಲುಗಳನ್ನು ತುಂಬಿಸುತ್ತ ತಿರುಗಿದೆ.

ನಮ್ಮ ಕ್ಷೇತ್ರದ ಬಗ್ಗೆ ಮಾತಾಡುವವರೆಲ್ಲ ಹಾಕುವ ಲೆಕ್ಕ ಒಂದೇ. 2011ರ ಜನಗಣತಿಯಂತೆ ಜಿಲ್ಲೆಯ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿ. ಅದರೊಳಗೆ ಬಲಗೈ, ಎಡಗೈ, ಲಂಬಾಣಿ. ಆಮೇಲೆ ಲಿಂಗಾಯತರು, ಮುಸ್ಲಿಮರು, ಕೋಲಿ ಕಬ್ಬಲಿಗರು, ಕುರುಬರು. 2019ರಲ್ಲಿ ಸೋಲನ್ನೇ ಕಾಣದ ಮಲ್ಲಿಕಾರ್ಜುನ ಖರ್ಗೆ ಅವರು ಉಮೇಶ ಜಾಧವ ಎದುರು 95,452 ಮತಗಳಿಂದ ಸೋತರು. 2024ರಲ್ಲಿ ಅದೇ ಜಾಧವ, ರಾಧಾಕೃಷ್ಣ ದೊಡ್ಡಮನಿ ಎದುರು 27,205 ಮತಗಳಿಂದ ಸೋತರು. ನಡುವೆ 2023ರಲ್ಲಿ, ಕಮಲಾಪುರ ಸೇರಿರುವ ಕಲಬುರಗಿ ಗ್ರಾಮೀಣ ವಿಧಾನಸಭಾ ಕ್ಷೇತ್ರ ಬಿಜೆಪಿಯಲ್ಲೇ ಉಳಿದಿತ್ತು. ಯಾವ ಜಾತಿ ಯಾವ ಕಡೆ ವಾಲಿತು ಎಂಬ ವಿವರಣೆ ಪ್ರತಿ ಸಲವೂ ತಯಾರಿರುತ್ತದೆ. ನನ್ನ ಹತ್ತಿರವೂ ಇತ್ತು.

ನಮ್ಮದು ಕಬ್ಬಲಿಗರ ಮನೆ. ಅಣ್ಣನಿಗೆ ಪೊಲೀಸ್ ಕೆಲಸ ಸಿಕ್ಕಿದ್ದು 371(ಜೆ) ಮೀಸಲಾತಿಯಲ್ಲಿ. 2019ರಲ್ಲಿ ಅಪ್ಪ ಕಟ್ಟೆಯ ಮೇಲೆ ಕೂತು ಈ ಸಲ ಬದಲಾಗಲಿ ಎಂದಾಗ ಅಣ್ಣ ಅದನ್ನು ನೆನಪಿಸಿದ್ದ. ಆ ತಿದ್ದುಪಡಿಗಾಗಿ ಖರ್ಗೆ, ಧರ್ಮಸಿಂಗ್ ಓಡಾಡಿದ್ದನ್ನೂ ಹೇಳಿದ್ದ. "ಕೊಟ್ಟಾರ, ಯಾರ್ ಇಲ್ಲಂತಾರ? ನಮ್ಮಂದಿಗಿ ಎಸ್.ಟಿ. ಮಾಡ್ಯಾರೇನು?" ಎಂದಿದ್ದ ಅಪ್ಪ. ಪ್ರಶ್ನಾವಳಿ ಸರಿಯಿದೆಯೇ ಎಂದು ನೋಡಲು ನಾನು ಮೊದಲು ತುಂಬಿದ್ದು ನಮ್ಮನೆಯದನ್ನೇ. ಕೋಷ್ಟಕದಲ್ಲಿ ಅದು ಅಚ್ಚುಕಟ್ಟಾಗಿ ಕೂತಿತು.

ಒಂದು ಸಂಜೆ ಅಡುಗೆಮನೆಯಲ್ಲಿ ಹಾಳೆ ಜೋಡಿಸುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ನಂದೂ ಬರ್ದೀಯೇನು?"

"ನಮ್ಮನಿದು ಬರ್ದೀನಿ. ಅಪ್ಪ ಹೇಳ್ಯಾನ."

"ಅವ ಅವಂದು ಹೇಳ್ಯಾನ." ರೊಟ್ಟಿ ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. "ಮನಿ ತನಕ ಅವ ಹೇಳ್ದಂಗ ಹ್ಞೂಂ ಅಂತೀನಿ. ಆ ಪೆಟ್ಟಿಗಿ ಮುಂದ ನಾನೊಬ್ಬಾಕಿನೇ ಇರ್ತೀನಲ್ಲ."

ಯಾರಿಗೆ ಹಾಕಿದೆ ಎಂದು ಕೇಳಿದೆ. ಹೇಳಲಿಲ್ಲ. ಗೃಹಲಕ್ಷ್ಮಿ ಹಣದ ಮಾತು ತೆಗೆದೆ, ಬುದ್ಧಿವಂತಳಂತೆ. "ಎರಡ್ ಸಾವಿರಕ್ಕ ಹಾಕ್ಯಾಳ ಅಂತ ಬರೀಬ್ಯಾಡ ಮತ್ತ," ಎಂದಳು.

ಅವತ್ತು ರಾತ್ರಿ ಹಾಳೆಗಳನ್ನೆಲ್ಲ ಮತ್ತೆ ತಿರುವಿ ಹಾಕಿದೆ. ಯಜಮಾನರ ಜಾಗದಲ್ಲಿ ಹೆಂಗಸರ ಹೆಸರು ಅಲ್ಲೊಂದು ಇಲ್ಲೊಂದು ಇತ್ತು. ಎಲ್ಲರೂ ವಿಧವೆಯರು. ನನ್ನ ಕೋಷ್ಟಕದಲ್ಲಿ ಗಂಡ ಸತ್ತ ಮೇಲಷ್ಟೇ ಹೆಂಗಸಿಗೆ ರಾಜಕೀಯ ಅಭಿಪ್ರಾಯ ಬರುತ್ತಿತ್ತು. ಕೇಳಿದವಳೂ ಹೆಂಗಸೇ. ಎಷ್ಟೋ ಮನೆಗಳಲ್ಲಿ ನನಗೆ ಚಹಾ ತಂದುಕೊಟ್ಟು, ಬಾಗಿಲಿಗೆ ಒರಗಿ, ಗಂಡನ ಉತ್ತರ ಮುಗಿಯುವವರೆಗೆ ನಿಂತಿದ್ದವರ ಮುಖ ನೆನಪಾಗತೊಡಗಿತು. ಅವರ ಹೆಸರು ಮಾತ್ರ ಗೊತ್ತಿರಲಿಲ್ಲ.

ಮಾರ್ಗದರ್ಶಕರು ಒಪ್ಪಲಿಲ್ಲ. ಮೊದಲಿನಿಂದ ಶುರು ಮಾಡಿದರೆ ಆರು ತಿಂಗಳು ಬೇಕು, ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತದೆ. ಇದನ್ನು 'ಅಧ್ಯಯನದ ಮಿತಿ' ಎಂದು ಒಂದು ಪ್ಯಾರಾ ಬರೆದರೆ ಸಾಕು ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆ ಪ್ಯಾರಾ ಬರೆಯಲು ಕೂತೆ ಕೂಡ. ಅವ್ವ ಮಿತಿಯೊಳಗೆ ಹಿಡಿಸಲಿಲ್ಲ.

ಮುಂದಿನ ಸೋಮವಾರ ಮತ್ತೆ ಕಮಲಾಪುರದಲ್ಲಿ ಇಳಿದೆ. ಮೊದಲು ಹೋಗಿದ್ದ ಮನೆಯೇ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದ ಹೆಂಗಸು ನನ್ನ ಗುರುತು ಹಿಡಿದಳು. "ಅವ್ರು ಹೊಲಕ್ಕ ಹೋಗ್ಯಾರವ್ವ, ಸಂಜಿಗಿ ಬಾ."

"ಇಲ್ರಿ ಅಕ್ಕಾ, ನಿಮಗೇ ಕೇಳ್ಬೇಕಂತ ಬಂದೀನಿ."

ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಬೀದಿ ಬಾಗಿಲು ಮುಂದೆ ಮಾಡಿ ಬಂದಳು.