ಹೊಳೆಯ ಹೊತ್ತು ನೋಡಿ ಹೊರಡುವುದು

ನಮ್ಮ ಹಿರೀಸಾವೆ ಹೊಳೆಯ ದಂಡೆಯ ಊರಲ್ಲ. ಕೆರೆಯನ್ನೂ ಮಳೆಯನ್ನೂ ನಂಬಿ ರಾಗಿ ಬಿತ್ತುವ, ತೆಂಗು ಬೆಳೆಸುವ ಸೀಮೆ ಇದು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹೇಮಾವತಿಯ ನೀರು ಬಾಗೂರು–ನವಿಲೆ ಸುರಂಗವನ್ನು ಹೊಕ್ಕು ತುಮಕೂರಿನ ಕಡೆಗೆ ಸಾಗುತ್ತದೆ. ಆದ್ದರಿಂದ ಇಲ್ಲಿನ ಮಕ್ಕಳಿಗೆ ಹೇಮಾವತಿಯೆಂದರೆ ನಾಲೆ; ಬಂಡೆ, ನಡುಗಡ್ಡೆ, ಹಕ್ಕಿಗಳುಳ್ಳ ಹೊಳೆಯಲ್ಲ. ಈ ವರ್ಷ ಮನೆಮಂದಿಯೆಲ್ಲ ಒಂದು ದಿನ ಹೊಳೆಯ ಬಳಿಗೆ ಹೋಗಿಬರುವುದೆಂದು ನಿಶ್ಚಯವಾದಾಗ, ಎಲ್ಲಿಗೆ ಮತ್ತು ಯಾವಾಗ ಎಂಬ ಎರಡು ಪ್ರಶ್ನೆಗಳು ನಮ್ಮ ಮುಂದೆ ನಿಂತವು.

ಮೊಮ್ಮಕ್ಕಳು ಮೊದಲು ಹೇಳಿದ್ದು ಶೆಟ್ಟಿಹಳ್ಳಿಯ ಹೆಸರನ್ನು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಮೇಲೇಳುವ ಅಲ್ಲಿನ ಹಳೆಯ ಇಗರ್ಜಿಯ ಚಿತ್ರಗಳನ್ನು ಅವರು ಕಂಡಿದ್ದರು. ಈ ಮಾತು ಬಂದಾಗ ನಮ್ಮ ಅಕ್ಕನವರು ಅಲ್ಲಿಯೇ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಅವರಿಗೆ ಈಗ ಎಪ್ಪತ್ತಾರು ವರ್ಷ. 1960ರ ದಶಕದ ಕೊನೆಯಲ್ಲಿ ಹೇಮಾವತಿಯ ದಂಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದವರು. 1979ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ನೀರಿಗೆ ಮನೆ, ಹಿತ್ತಿಲು, ಹೊಲಗಳನ್ನೆಲ್ಲ ಬಿಟ್ಟುಕೊಟ್ಟು ಬೇರೆಡೆ ಬದುಕು ಕಟ್ಟಿಕೊಂಡವರು. ಭಾವನವರು ತೀರಿಕೊಂಡ ಮೇಲೆ ನಮ್ಮೊಡನೆಯೇ ಇದ್ದಾರೆ. ಅವರು ತಲೆಯೆತ್ತದೆ, "ಮುಳುಗಿದ್ದನ್ನ ನೋಡೋಕೆ ನಾನು ಬರಲ್ಲ ಕಣ್ರಪ್ಪ. ಆ ನೀರು ಮುಂದಕ್ಕೆ ಎಲ್ಲಿಗೆ ಹೋಯ್ತದೋ ಅಲ್ಲಿಗೆ ಬೇಕಾದ್ರೆ ಕರ್ಕೊಂಡೋಗಿ" ಎಂದರು. ಮಕ್ಕಳು ಸುಮ್ಮನಾದರು. ಎಲ್ಲಿಗೆ ಎಂಬ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಗೊರೂರನ್ನು ಬಿಟ್ಟ ಹೇಮಾವತಿ ಹೊಳೆನರಸೀಪುರವನ್ನು ಹಾಯ್ದು, ಅಕ್ಕಿಹೆಬ್ಬಾಳಿನ ಕಡೆಯಿಂದ ಸಾಗಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಜಲಾಶಯದ ಕೆಳಗೆ, ಶ್ರೀರಂಗಪಟ್ಟಣಕ್ಕೆ ಸಮೀಪದಲ್ಲಿ, ರಂಗನತಿಟ್ಟು ಪಕ್ಷಿಧಾಮವಿದೆ. ಅದರ ವಿಸ್ತಾರ ಕೇವಲ 0.67 ಚದರ ಕಿಲೋಮೀಟರು. ಹೊಳೆಯ ನಡುವೆ ಕೆಲವು ನಡುಗಡ್ಡೆಗಳು, ಅವುಗಳ ಮೇಲೆ ಮರಗಳು, ಮರಗಳ ತುಂಬ ಗೂಡುಗಳು. ಹಿರೀಸಾವೆಯಿಂದ ಶ್ರವಣಬೆಳಗೊಳ, ಕಿಕ್ಕೇರಿ, ಕೆ.ಆರ್. ಪೇಟೆ, ಪಾಂಡವಪುರಗಳ ಮೇಲೆ ಹೋದರೆ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರ.

ಇನ್ನು ಯಾವಾಗ ಎಂಬುದು. ಆಗಸ್ಟ್ 15ಕ್ಕೆ ಹೊಂದಿಕೊಂಡು ಒಟ್ಟಿಗೆ ಮೂರು ದಿನ ರಜೆ ದೊರೆಯುವುದರಿಂದ ಆಗಲೇ ಹೋಗೋಣವೆಂದು ನಮ್ಮ ಮಗನು ಸೂಚಿಸಿದನು. ನೌಕರಿಯಲ್ಲಿರುವವರು ರಜೆಯನ್ನು ನೋಡಿಯೇ ದಿನ ಗೊತ್ತುಮಾಡುವುದು ಸಹಜ. ಆದರೆ ಹೊಳೆಗೆ ತನ್ನದೇ ಆದ ಪಂಚಾಂಗವುಂಟು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಆಷಾಢ ಶ್ರಾವಣಗಳ ಮಳೆ ಬಲವಾಗಿ ಹಿಡಿದರೆ ಮೇಲಿನ ಜಲಾಶಯಗಳು ತುಂಬುತ್ತವೆ, ಕೃಷ್ಣರಾಜಸಾಗರವು 124.80 ಅಡಿಯ ತನ್ನ ಪೂರ್ಣಮಟ್ಟವನ್ನು ಸಮೀಪಿಸಿದಾಗ ಬಾಗಿಲುಗಳನ್ನು ತೆರೆದು ನೀರನ್ನು ಹೊರಬಿಡುತ್ತಾರೆ. ಆ ನೀರು ಮೊದಲು ಮುಟ್ಟುವ ತಾಣಗಳಲ್ಲಿ ರಂಗನತಿಟ್ಟು ಒಂದು. 2018 ಮತ್ತು 2019ರ ಮಳೆಗಾಲಗಳಲ್ಲಿ ಅಲ್ಲಿ ಪ್ರವಾಹವೇರಿ ದೋಣಿವಿಹಾರವನ್ನು ನಿಲ್ಲಿಸಬೇಕಾಯಿತು. ಅಕ್ಕನವರ ಮಂಡಿನೋವಿಗೆ ದಂಡೆಯ ಮೇಲಿನ ನಡಿಗೆ ಹೆಚ್ಚು ಸಾಗದು. ಕುಳಿತಲ್ಲಿಂದಲೇ ಎಲ್ಲವನ್ನೂ ಕಾಣಬೇಕಾದರೆ ದೋಣಿಯೇ ಅವರಿಗೆ ಆಧಾರ. ದೋಣಿಯಿಲ್ಲದ ದಿನ ಅವರನ್ನು ಅಷ್ಟು ದೂರ ಕರೆದೊಯ್ಯುವುದು ಯಾವ ಸಂಭ್ರಮ?

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಪಂಕ್ತಿಯ ಕೊನೆಯ ಎಲೆಗೆ ಬಡಿಸುವವರೆಗೂ ಯಾರೂ ತುತ್ತೆತ್ತುವಂತಿರಲಿಲ್ಲ. ಕುಟುಂಬದ ಪ್ರಯಾಣಕ್ಕೂ ಈ ನಿಯಮ ಸಲ್ಲುತ್ತದೆಂದು ನಮ್ಮ ಭಾವನೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರಿಗೆ ಹೊಂದುವ ದಿನವೇ ಎಲ್ಲರ ದಿನವಾಗಬೇಕು.

ಒಂದು ಸಂಜೆ ಮಕ್ಕಳಿಗೆ ಆ ಸ್ಥಳದ ಕಥೆಯನ್ನು ಹೇಳಿದೆವು. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645–48ರ ಸುಮಾರಿಗೆ, ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯಿಂದ ಈ ನಡುಗಡ್ಡೆಗಳು ಉಂಟಾದವು. ಕಟ್ಟಿಸಿದವರ ಲಕ್ಷ್ಯವಿದ್ದುದು ನೀರಾವರಿಯ ಕಡೆಗೆ, ನೆಲೆಯಾದದ್ದು ಹಕ್ಕಿಗಳಿಗೂ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುತಾಣವೆನಿಸಿತು.

ಅಕ್ಕನವರು ಬಾಗಿಲ ಬಳಿ ಕುಳಿತು ಕೇಳುತ್ತಿದ್ದರು. "ಒಂದು ಕಟ್ಟೆ ಮನೆ ತಗೊಂತು, ಒಂದು ಕಟ್ಟೆ ಮನೆ ಕೊಡ್ತು" ಎಂದರು. ನಾವು ಆ ಮಾತಿಗೆ ಏನನ್ನೂ ಸೇರಿಸದೆ, ರೀವ ಹಕ್ಕಿಯ ವಿಷಯವನ್ನು ಹೇಳಿದೆವು. ಅದು ಗೂಡು ಕಟ್ಟುವುದಿಲ್ಲ. ಬೇಸಗೆಯಲ್ಲಿ ಹೊಳೆ ಇಳಿದಾಗ ಬರಿಯ ಬಂಡೆಯ ಮೇಲೆಯೇ ಮೊಟ್ಟೆಯಿಡುತ್ತದೆ. ಆ ವೇಳೆಗೆ ನೀರು ದಿಢೀರನೆ ಏರಿದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ಅಕ್ಕನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗಾದ್ರೂ ಮುಂಚೆ ಬಂದು ಹೇಳಿದ್ರು. ಅವಕ್ಕೆ ಹೇಳೋರು ಯಾರು?" ಎಂದರು. ನಲವತ್ತು ವರ್ಷಗಳಿಗೂ ಮಿಕ್ಕಿ ತಮ್ಮ ಹಳ್ಳಿಯ ವಿಷಯವಾಗಿ ತುಟಿ ಬಿಚ್ಚದಿದ್ದವರು ಅಂದು ರಾತ್ರಿ ಊಟದ ಹೊತ್ತಿನಲ್ಲಿ ಹಿತ್ತಿಲ ಹಲಸಿನ ಮರವನ್ನೂ, ಬಟ್ಟೆ ಒಗೆಯುತ್ತಿದ್ದ ಬಂಡೆಯನ್ನೂ ಮೊಮ್ಮಕ್ಕಳಿಗೆ ತಾವಾಗಿಯೇ ವರ್ಣಿಸಿದರು. ಪ್ರಯಾಣ ಇನ್ನೂ ದೂರವಿರುವಾಗಲೇ ಅದರ ಒಂದು ಫಲ ನಮ್ಮ ಕೈಗೆ ಬಂದಿತು.

ಕೊನೆಗೆ ಜನವರಿಯ ಕೊನೆಯ ವಾರವನ್ನು ಆಯ್ದುಕೊಂಡೆವು. ಆಗ ಸಂಕ್ರಾಂತಿಯ ಜನಸಂದಣಿ ಕಳೆದಿರುತ್ತದೆ, ಮಕ್ಕಳ ಪರೀಕ್ಷೆ ದೂರವಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳು ಇನ್ನೂ ಹಿಂದಿರುಗಿರುವುದಿಲ್ಲ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆಗಳನ್ನೂ, ಚಮಚದಂತಹ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸಿ ಆಹಾರ ಹುಡುಕುವ ಚಮಚಕೊಕ್ಕಿನ ಹಕ್ಕಿಯನ್ನೂ, ಕೊಕ್ಕಿನ ನಡುವೆ ಸಂದಿರುವ, ಬಸವನಹುಳು ತಿನ್ನುವ ಬಾಯ್ಕಳಕ ಕೊಕ್ಕರೆಯನ್ನೂ ಗುರುತಿಸಲು ಮಕ್ಕಳು ಈಗಲೇ ಚಿತ್ರಗಳನ್ನು ಬರೆದುಕೊಂಡಿದ್ದಾರೆ.

ಸೊಸೆಯು ಸಿದ್ಧಪಡಿಸಿರುವ ಪಟ್ಟಿಯೂ ಗೋಡೆಯ ಮೇಲಿದೆ. ಬೆಳಗಿನ ಮೊದಲ ದೋಣಿಗಳ ಹೊತ್ತಿಗೆ ತಲುಪುವಂತೆ ಕತ್ತಲಿರುವಾಗಲೇ ಹೊರಡುವುದು. ಬುತ್ತಿಗೆ ಪುಳಿಯೋಗರೆ, ಮೊಸರನ್ನ. ಪ್ಲಾಸ್ಟಿಕ್ ಚೀಲ ಬೇಡ. ಅಕ್ಕನವರಿಗೆ ಊರುಗೋಲು, ಒಂದು ದಿಂಬು. ಬಂಡೆಗಳ ಮೇಲೆ ಮೊಸಳೆಗಳು ಮಲಗಿರುವ ಹೊಳೆಯಾದ್ದರಿಂದ ಮಕ್ಕಳು ದೋಣಿಯಿಂದ ಕೈಯನ್ನು ನೀರಿಗಿಳಿಸುವಂತಿಲ್ಲ. ಗೂಡುಗಳ ಬಳಿ ಕೂಗುವಂತಿಲ್ಲ. ಹಿಂದಿನ ದಿನ ದೂರವಾಣಿಯಲ್ಲಿ ದೋಣಿ ನಡೆಯುತ್ತದೆಯೇ, ಹತ್ತಿಳಿಯಲು ಎಷ್ಟು ಮೆಟ್ಟಿಲುಗಳಿವೆ ಎಂದು ವಿಚಾರಿಸುವ ಹೊಣೆ ಮಗನದು.

ವಾಚಕ ಬಂಧುಗಳಲ್ಲಿ ಹೊಳೆಯ ಬಳಿಗೆ ಹೊರಡುವವರು ಇದ್ದರೆ ಅವರೂ ಹೀಗೆಯೇ ಮೊದಲು ನೀರಿನ ಸ್ಥಿತಿಯನ್ನು ವಿಚಾರಿಸಲಿ, ಮನೆಯ ಹಿರಿಯರ ಇಷ್ಟವನ್ನೂ ಕೇಳಲಿ. ಅಕ್ಕನವರು ಇನ್ನೂ ಒಂದು ವಸ್ತುವನ್ನು ಪಟ್ಟಿಗೆ ಸೇರಿಸಿರೆಂದು ನಿನ್ನೆ ಹೇಳಿದರು: ಒಂದು ಸಣ್ಣ ಹಿತ್ತಾಳೆಯ ಚೊಂಬು. ಅದು ಹಳೆಯ ಮನೆಯಿಂದ ತಂದದ್ದು. ಏಕೆಂದು ನಾವು ಕೇಳಲಿಲ್ಲ. ಸೊಸೆಯು ಅದನ್ನು ಪಟ್ಟಿಯ ಮೊದಲಿಗೆ ಬರೆದಳು.