ಕಲ್ಲಿದ್ದಲಿಲ್ಲದ ಲೋಕೋ ಶೆಡ್

ಕ್ಯಾಲಿಫೋರ್ನಿಯಾದ ಫ್ರಿಮಾಂಟಿನ ಗೆಳೆಯರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಓಡುವುದು ಎಚ್‌ಓ ಅಳತೆಯ ರೈಲು, ಅಂದರೆ ಅಸಲಿ ರೈಲಿನ 87ರಲ್ಲಿ ಒಂದು ಪಾಲು. ಸುರಂಗ, ಸೇತುವೆ, ಸ್ಟೇಷನ್ ಎಲ್ಲ ಬೇಗ ಮುಗಿದವು. ಇಂಜಿನ್‌ಗಳು ಬಂದು ನಿಂತು, ನೀರು-ಎಣ್ಣೆ ತುಂಬಿಸಿಕೊಂಡು ಹೋಗುವ ಲೋಕೋ ಶೆಡ್ ಮಾತ್ರ ಮುಗಿಯುತ್ತಲೇ ಇಲ್ಲ. ರೈಲು ಓಡದ ಜಾಗಕ್ಕೆ ಇಷ್ಟು ಶ್ರದ್ಧೆ ಯಾಕೆ? ಈ ಟಿಪ್ಪಣಿಗಳು ಶುರುವಾದದ್ದು ಅಲ್ಲಿಂದ.

*

ನಾನು ಮೊದಲು ಹುಡುಕಿದ್ದು ಕಲ್ಲಿದ್ದಲಿನ ಗೋಪುರ. ಮಾಡೆಲ್ ಅಂಗಡಿಯಲ್ಲಿ ಶೆಡ್ಡಿನ ಸಾಮಾನು ಕೇಳಿದರೆ ಮುಂದಿಡುವುದೇ ಅದನ್ನು. ಇವರ ಶೆಡ್ಡಿನಲ್ಲಿ ಅದಿಲ್ಲ, ಬೂದಿ ಕೆಡವುವ ಗುಂಡಿಯೂ ಇಲ್ಲ.

“ಇಲ್ಲಿ ಕಲ್ಲಿದ್ದಲು ಎಲ್ಲಿಂದ ತರಬೇಕ್ರೀ?” ಅಂದರು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು, ಬೂದಿ ಗುಂಡಿ ಗೊತ್ತಿಲ್ಲದವರಲ್ಲ.

ಆಂಟಿಯಾಕ್ ಹತ್ತಿರದ ಮೌಂಟ್ ಡಯಾಬ್ಲೋ ಗುಡ್ಡಗಳಲ್ಲಿ 1860ರ ದಶಕದಿಂದ ಕಲ್ಲಿದ್ದಲು ತೆಗೆದರು. ಆದರೆ ಅದು ಕಳಪೆ. ಒಳ್ಳೆಯದು ಬೇಕಾದರೆ ಹಡಗಿನಲ್ಲಿ ಬರಬೇಕಿತ್ತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಎಣ್ಣೆ ಬಾವಿಗಳು ಉಕ್ಕಿದ ಮೇಲೆ ಸದರ್ನ್ ಪೆಸಿಫಿಕ್ ರೈಲು ಕಂಪನಿ ತನ್ನ ಉಗಿ ಇಂಜಿನ್‌ಗಳನ್ನು ಎಣ್ಣೆಗೆ ಬದಲಿಸಿತು. ಎಣ್ಣೆಯನ್ನು ಪೈಪಿನಲ್ಲಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಹಾಗಾಗಿಯೇ ಡ್ರೈವರ್ ಹೊಗೆ ಕುಡಿಯದಂತೆ ಕ್ಯಾಬನ್ನು ಮುಂದಕ್ಕೆ ತಂದ ಇಂಜಿನ್ ಸಾಧ್ಯವಾಯಿತು. ಅಂಥದ್ದರಲ್ಲಿ ಉಳಿದಿರುವ 4294 ನಂಬರಿನದು ಸ್ಯಾಕ್ರಮೆಂಟೋದ ಮ್ಯೂಸಿಯಮ್ಮಿನಲ್ಲಿದೆ. ಅದರ ಕೆಳಗೆ ನಿಂತು ಕತ್ತೆತ್ತಿ ನೋಡಿದವರಿಗೆ ಎಣ್ಣೆಯ ಮಹಿಮೆ ಬೇರೆ ಹೇಳಬೇಕಿಲ್ಲ.

*

ಬೆಂಕಿಗೆ ಎಣ್ಣೆ ಸರಿ, ಆದರೆ ಶೆಡ್ಡಿನ ಪಕ್ಕ ಎತ್ತರದ ಚಿಮಣಿಯ ಬಾಯ್ಲರ್ ಮನೆ ಯಾಕೆ? ಆ ಎಣ್ಣೆ ತಣ್ಣಗಿದ್ದರೆ ಡಾಂಬರಿನಂತೆ ಗಟ್ಟಿ. ಉಗಿಯಿಂದ ಕಾಯಿಸಿದರೆ ಹರಿಯುತ್ತದೆ, ಉಗಿಯಿಂದಲೇ ತುಂತುರಾಗಿ ಉರಿಯುತ್ತದೆ. ತಣ್ಣಗೆ ನಿಂತ ಇಂಜಿನ್ನಿಗೆ ಸ್ವಂತ ಉಗಿ ಎಲ್ಲಿಯದು? ಶೆಡ್ಡೇ ಕೊಡಬೇಕು. ಗೆಳೆಯರು ತೆಳು ತಂತಿಯಲ್ಲಿ ಆ ಉಗಿ ಪೈಪುಗಳನ್ನು ಒಂದೊಂದು ಅಂಕಣದವರೆಗೂ ಎಳೆದಿದ್ದಾರೆ. ನೋಡುವವರಿಗೆ ಅವು ಕಾಣುವುದೂ ಇಲ್ಲ.

*

“ಎಣ್ಣಿ ಇಂಜಿನ್ನಿನ ಬೆಂಕಿಗೆ ಉಸುಕು ಯಾಕ ಹಾಕ್ತಾರ, ಹೇಳ್ರಿ ನೋಡೋಣು.”

ಚಕ್ರ ಜಾರದಿರಲಿ ಎಂದು ಹಳಿಗೆ ಮರಳು ಬಿಡುವುದು ಗೊತ್ತಿತ್ತು. ಬೆಂಕಿಗೂ ಹಾಕುತ್ತಿದ್ದರಂತೆ. ಎಣ್ಣೆಯ ಮಸಿ ಬಾಯ್ಲರಿನ ಕೊಳವೆಗಳಲ್ಲಿ ಕಟ್ಟುತ್ತದೆ. ಇಂಜಿನ್ ಜೋರಾಗಿ ಎಳೆಯುವಾಗ ಫೈರ್‌ಮನ್ ಒಂದು ಮೊಗೆ ಮರಳು ಎರಚಿದರೆ, ಗಾಳಿಯ ಸೆಳೆತಕ್ಕೆ ಸಿಕ್ಕ ಅದು ಕೊಳವೆಗಳನ್ನು ಉಜ್ಜಿಕೊಂಡು ಚಿಮಣಿಯಿಂದ ಕರಿ ಹೊಗೆಯಾಗಿ ಹೊರಬೀಳುತ್ತದೆ.

ಮರಳಿನದೇ ಇನ್ನೊಂದು ಒಗಟು. ಅರ್ಧ ಮಿಲಿಮೀಟರಿನ ಕಣವನ್ನು 87 ಪಟ್ಟು ಹಿಗ್ಗಿಸಿದರೆ ನಾಲ್ಕು ಸೆಂಟಿಮೀಟರ್ ದಾಟುತ್ತದೆ, ಅಂದರೆ ಹಳಿಯಡಿಯ ಜಲ್ಲಿ. ಹೀಗಾಗಿ ಈ ಶೆಡ್ಡಿನಲ್ಲಿ ನಿಜವಾದ ಮರಳು ಜಲ್ಲಿಯ ಪಾತ್ರ ಮಾಡುತ್ತದೆ. ಮರಳಿನ ಪಾತ್ರಕ್ಕೆ ಟೈಲ್ಸ್ ಸಂದಿಗೆ ತುಂಬುವ ಪುಡಿ ಬಂದಿದೆ.

*

ಕೊಳೆ ಬಳಿಯುವುದನ್ನು ಒಂದು ಸಂಜೆ ಕೂತು ನೋಡಿದೆ. ನೀರಿನ ಕಂಬದ ಬುಡಕ್ಕೆ ತುಕ್ಕು, ಅದರ ಸುತ್ತ ಗಡಸು ನೀರು ಬಿಟ್ಟ ಬಿಳಿ ಕಲೆ. ಎಣ್ಣೆ ಕಂಬದ ಕೆಳಗೆ ಹಳೆಯ ಕಲೆಗೆ ಹೊಳಪಿಲ್ಲದ ಕಪ್ಪು, ನಿನ್ನೆ ಚೆಲ್ಲಿದ್ದಕ್ಕೆ ವಾರ್ನಿಷ್ ಸೇರಿಸಿದ ಕಪ್ಪು. ಕೊನೆಗೆ ಹಳಿಯ ನೆತ್ತಿಯನ್ನು ಫಳಫಳ ಹೊಳೆಯುವಂತೆ ಉಜ್ಜಿದರು, ಚಕ್ರಕ್ಕೆ ಕರೆಂಟು ಹರಿಯುವುದು ಅಲ್ಲಿಂದಲೇ. ಇಡೀ ಊರಿನಲ್ಲಿ ಅತಿ ಕೊಳಕು ಜಾಗ ಇದು, ಆದರೆ ಅತಿ ಹೆಚ್ಚು ಒರೆಸಬೇಕಾದ ಹಳಿಯೂ ಇಲ್ಲೇ.

*

ಇಟ್ಟಿಗೆಯ ಬಣ್ಣ ನೋಡಿಕೊಳ್ಳಲು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಬ್ರಿಸ್ಬೇನ್‌ಗೆ ಹೋದೆವು. ಸದರ್ನ್ ಪೆಸಿಫಿಕ್‌ನ ಬೇಷೋರ್ ಯಾರ್ಡಿನ ದುಂಡು ಶೆಡ್ 1910ರದು. 2001ರಲ್ಲಿ ಬೆಂಕಿ ಬಿತ್ತು, 2010ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಬೇಲಿಯಾಚೆ ಕಪ್ಪಿಟ್ಟ ಗೋಡೆ ನೋಡಿ ನನಗೆ ಸಂಕಟವಾಯಿತು. ಪಟ್ಟಿಗೆ ಸೇರಿಸಿದ ಮೇಲೆ ಸೂರನ್ನೂ ಹೊದಿಸಬೇಕಿತ್ತು. ಗೆಳೆಯರು ಮಾತಾಡದೆ ಫೋಟೋ ತೆಗೆದರು. ಎಷ್ಟು ಸಾಲಿಗೊಮ್ಮೆ ಇಟ್ಟಿಗೆ ಅಡ್ಡ ತಿರುಗಿದೆ ಎಂಬುದನ್ನೂ ಬರೆದುಕೊಂಡರು.

*

ಯಾವ ವರ್ಷದ ಶೆಡ್ ಎಂಬುದು ಮೊದಲೇ ನಿಶ್ಚಯವಾಗಬೇಕು. ಸ್ಯಾನ್ ಫ್ರಾನ್ಸಿಸ್ಕೋ–ಸ್ಯಾನ್ ಹೋಸೆ ಲೋಕಲ್ ರೈಲುಗಳಲ್ಲಿ ಉಗಿ ಇಂಜಿನ್ ನಿಂತದ್ದು 1957ರಲ್ಲಿ. ಇವರು ಆರಿಸಿಕೊಂಡದ್ದು ಅದಕ್ಕೂ ತುಸು ಹಿಂದಿನ ಕಾಲ, ಉಗಿ ಮತ್ತು ಡೀಸೆಲ್ ಅಕ್ಕಪಕ್ಕ ನಿಲ್ಲುತ್ತಿದ್ದ ದಿನಗಳು. ಬಾಯ್ಲರ್ ಎಣ್ಣೆಗೊಂದು, ಡೀಸೆಲ್‌ಗೊಂದು ತೊಟ್ಟಿ ಬೇಕು. ಡೀಸೆಲ್ ಇಂಜಿನ್ನಿಗೂ ಚಕ್ರ ಜಾರುತ್ತದೆ, ಹಾಗಾಗಿ ಮರಳಿನ ಗೋಪುರ ಇಬ್ಬರಿಗೂ ಬೇಕು. ಉಗಿ ಇಂಜಿನ್ನಿನಲ್ಲಿ ಮರಳು ತುಂಬುವ ಬಾಯಿ ಬಾಯ್ಲರಿನ ನೆತ್ತಿಯ ಮೇಲೆ, ಎಷ್ಟೋ ಡೀಸೆಲ್‌ಗಳಲ್ಲಿ ಪಕ್ಕದಲ್ಲಿ, ತಗ್ಗಿನಲ್ಲಿ. ಒಂದೇ ಗೋಪುರದಿಂದ ಎರಡು ಉದ್ದದ ಕೊಳವೆ ಇಳಿಬಿಟ್ಟಿದ್ದರೇ, ಅಥವಾ ಉದ್ದದ್ದನ್ನೇ ಮಡಚಿ ಮೇಲೆತ್ತುತ್ತಿದ್ದರೇ? ಹಳೆಯ ಫೋಟೋಗಳನ್ನು ತಿರುವುತ್ತಿದ್ದೇವೆ. ಕೊಳವೆಗೆಂದು ತಂದ ಕಪ್ಪು ದಾರ ಇನ್ನೂ ಕತ್ತರಿಸಿಲ್ಲ.