ಗೇರ್ ಆಯಿಲ್ ಯಾವಾಗ ನೋಡಿದ್ರಿ? (ಹಳೇ ಗಾಡಿ ಕಥೆ, ಭಾಗ 6)

ಮನೇಲಿ ಕೇಳಿ ನೋಡಿ, ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ. ಥಟ್ ಅಂತ ಉತ್ತರ ಬರುತ್ತೆ. ಗೇರ್ ಆಯಿಲ್ ಅಂದ್ರೆ ಎಲ್ಲರೂ ಮುಖ ಮುಖ ನೋಡ್ಕೋತಾರೆ.

ನಮ್ಮನೆ ಮಾರುತಿ 800 ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬೆಳಿಗ್ಗೆ ಎರಡನೇ ಗೇರ್ ಹಾಕಿದ್ರೆ ಕರ್ರ್ ಅಂತಿತ್ತು. ಒಂದು ಗ್ಯಾರೇಜಲ್ಲಿ "ಗೇರ್ ಬಾಕ್ಸ್ ಇಳಿಸ್ಬೇಕು" ಅಂದ್ರು. ಖರ್ಚು ಕೇಳಿ ಅಪ್ಪ ಗಾಡಿ ಮಾರೋ ಮಾತಿಗೆ ಬಂದ್ರು. ಮಾರೋ ಮುಂಚೆ ಒಂದು ಬೋಲ್ಟ್ ಬಿಚ್ಚಿ ನೋಡೋಣ ಅಂದೆ.

ಇದಕ್ಕೆ ಡಿಪ್‌ಸ್ಟಿಕ್ ಇರಲ್ಲ. ಗೇರ್ ಬಾಕ್ಸಿನ ಪಕ್ಕದಲ್ಲಿ ಒಂದು ಬೋಲ್ಟ್, ತುಂಬೋದೂ ಅಲ್ಲೇ, ಅಳೆಯೋದೂ ಅಲ್ಲೇ. ಆ ತೂತಿನ ಕೆಳ ಅಂಚಿನ ತನಕ ಆಯಿಲ್ ಇರಬೇಕು. ನಮ್ಮದರಲ್ಲಿ ಬೆರಳು ಬಗ್ಗಿಸಿದ್ರೂ ತಾಗಲಿಲ್ಲ! ಆಕ್ಸಲ್ ಸೀಲ್ ಹತ್ರ ಜಿನುಗಿ ಜಿನುಗಿ ಇಳಿದುಹೋಗಿತ್ತು. ಸೀಲ್, ಆಯಿಲ್ ಎರಡೂ ಹೊಸದು ಹಾಕಿದ್ವಿ. ಗೊಂಯ್ ಅನ್ನೋ ಸದ್ದು ನಿಂತಿದೆ. ಎರಡನೇ ಗೇರ್ ಮಾತ್ರ ತಣ್ಣಗಿದ್ದಾಗ ಈಗಲೂ ಸ್ವಲ್ಪ ಗೊಣಗುತ್ತೆ. ಸವೆದ ಸಿಂಕ್ರೋ ರಿಂಗ್ ಆಯಿಲ್ ಹಾಕಿದ್ರೆ ಬೆಳೆಯಲ್ಲ. ಅಪ್ಪ ಮಾರೋ ಮಾತು ಬಿಟ್ಟಿದ್ದಾರೆ, ಅಷ್ಟು ಸಾಕು.

ನೀವು ಮಾಡೋದಾದ್ರೆ, ಹತ್ತು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾಗಲಿ. ಗಾಡಿ ಸಮವಾಗಿ ನಿಲ್ಲಬೇಕು, ಮುಂದೆ ಮಾತ್ರ ಎತ್ತಿದ್ರೆ ಅಳತೆ ಸುಳ್ಳು. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಇಲ್ಲಾಂದ್ರೆ ಈ ಕೆಲಸವೇ ಬೇಡ.

ಮೊದಲು ತುಂಬೋ ಬೋಲ್ಟ್ ಬಿಚ್ಚಿ. ಆಮೇಲೇ ಕೆಳಗಿನ ಡ್ರೈನ್ ಬೋಲ್ಟ್. ಉಲ್ಟಾ ಮಾಡಿ, ಆಯಿಲೆಲ್ಲ ಸುರಿದ್ಮೇಲೆ ಮೇಲಿಂದು ಜಾಮ್ ಅಂತ ಗೊತ್ತಾದ್ರೆ? ಗ್ಯಾರೇಜಿಗೆ ಓಡಿಸ್ಕೊಂಡು ಹೋಗೋಕೂ ಆಗಲ್ಲ.

ಬಂದ ಆಯಿಲ್ ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ರೆ ಮಾಮೂಲಿ. ಚಿನ್ನದ ಹೊಳಪಿನ ಪುಡಿ ಇದ್ರೆ ಹಿತ್ತಾಳೆ ಸಿಂಕ್ರೋ ಸವೀತಿದೆ. ಉಗುರಿಗೆ ಸಿಗೋ ಉಕ್ಕಿನ ಚೂರು ಬಂದ್ರೆ ಗ್ಯಾರೇಜಿನವರು ಹೇಳಿದ್ದೇ ನಿಜ, ಇಳಿಸ್ಬೇಕು.

ಆಯಿಲ್ ಯಾವುದು ಅಂತ ಅಂಗಡಿಯವರನ್ನಲ್ಲ, ಗಾಡಿ ಜೊತೆ ಬಂದ ಪುಸ್ತಕ ಕೇಳಿ. ಅದರಲ್ಲಿ ಜಿಎಲ್-4 ಅಂತ ಇದ್ರೆ, 5 ದೊಡ್ಡ ನಂಬರ್, ಇನ್ನೂ ಒಳ್ಳೇದು ಅಂದ್ಕೊಂಡು ಜಿಎಲ್-5 ತರಬೇಡಿ. ಅದರಲ್ಲಿ ಗಂಧಕದ ಅಂಶ ಜಾಸ್ತಿ, ಹಿತ್ತಾಳೆಯನ್ನ ತಿನ್ನಬಹುದು. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಫನಲ್‌ಗೆ ಉದ್ದ ಪೈಪ್ ಸಿಗಿಸಿ ಬಾನೆಟ್ ಕಡೆಯಿಂದ ನಿಧಾನ ಹುಯ್ಯಿರಿ, ತೂತಿಂದ ಹೊರಗೆ ಒಸರೋಕೆ ಶುರುವಾದಾಗ ನಿಲ್ಲಿಸಿ.

ಹಳೇ ಆಯಿಲ್ ಚರಂಡಿಗೆ ಸುರಿಯಬೇಡಿ. ಕ್ಯಾನಿಗೆ ತುಂಬಿ ಹತ್ತಿರದ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಹಾಕಿ ಬನ್ನಿ.